ನಾಯಿಗಳ ಕ್ಯಾನ್ಸರ್ ಸಂಶೋಧನೆಗೆ ಹಣ ಸಂಗ್ರಹಿಸುವ ಕ್ರಮ: ಮೊದಲು ಪ್ರಯೋಗಾಲಯ, ಆಮೇಲೆ ಖಾತೆ, ಕೊನೆಗೆ ಮನವಿ

ಸಾಕಿದ ನಾಯಿಯೊಂದು ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರಿನಿಂದಲೋ ಮೂಳೆಯ ಕ್ಯಾನ್ಸರಿನಿಂದಲೋ ತೀರಿಕೊಂಡ ಮೇಲೆ ಮನೆಯವರೂ ಗೆಳೆಯರೂ ಸೇರಿ ಈ ರೋಗದ ಸಂಶೋಧನೆಗೆ ಏನಾದರೂ ಮಾಡೋಣವೆಂದು ಹೊರಡುವುದು ಈಗ ಅಪರೂಪವಲ್ಲ. ಆರು ತಿಂಗಳಾಗುವಷ್ಟರಲ್ಲಿ ಒಂದೆರಡು ಲಕ್ಷ ರೂಪಾಯಿ ಯಾರದೋ ಉಳಿತಾಯ ಖಾತೆಯಲ್ಲಿ ಕುಳಿತು, ಅದನ್ನು ಯಾರಿಗೆ ಯಾವ ದಾರಿಯಲ್ಲಿ ಕೊಡಬೇಕೆಂದು ತಿಳಿಯದೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುವುದೂ ಅಪರೂಪವಲ್ಲ. ನಾನಿದ್ದ ಗುಂಪು ಮೊದಲ ಸಲ ಇದೇ ಹಳ್ಳಕ್ಕೆ ಬಿದ್ದಿತ್ತು. ಕೊನೆಗೆ ದಾನಿಗಳನ್ನು ಒಬ್ಬೊಬ್ಬರನ್ನಾಗಿ ಕೇಳಿ ಹಣವನ್ನು ಮರಳಿಸಿದೆವು. ಆ ಬಳಿಕ ಸಲಹೆ ಕೇಳಿ ಬಂದವರಲ್ಲಿ ಬಹುಪಾಲು ಮಂದಿಯ ಎಡವಟ್ಟು ಒಂದೇ ಆಗಿತ್ತು. ಅವರೆಲ್ಲ ಮನವಿಯಿಂದ ಆರಂಭಿಸಿದ್ದರು. ಮನವಿ ಕೊನೆಯ ಕೆಲಸ. ಹಣವನ್ನು ಖರ್ಚು ಮಾಡುವ ಸಂಶೋಧಕರು ಮೊದಲು ಸಿಗಬೇಕು, ಹಣ ಹರಿಯುವ ಕಾಲುವೆ ಆಮೇಲೆ ಸಿದ್ಧವಾಗಬೇಕು, ಅದಾದ ಮೇಲಷ್ಟೇ ಕೈಚಾಚಬೇಕು.

ಹಂತ 1: ಪ್ರಶ್ನೆಯನ್ನು ಕಿರಿದು ಮಾಡಿಕೊಳ್ಳಿ

ಒಂದು ನಾಯಿಯ ಚಿಕಿತ್ಸೆಗೆ ಹಣ ಕೂಡಿಸುವುದು, ಆಶ್ರಯಧಾಮದ ನಾಯಿಗಳ ಆರೈಕೆಗೆ ಕೂಡಿಸುವುದು ಮತ್ತು ಸಂಶೋಧನೆಗೆ ಕೂಡಿಸುವುದು ಮೂರು ಬೇರೆ ಬೇರೆ ಕೆಲಸಗಳು. ಮೊದಲಿನ ಎರಡರಲ್ಲಿ ದಾನಿಗೆ ಫಲ ಕಣ್ಣಿಗೆ ಕಾಣುತ್ತದೆ. ಮೂರನೆಯದರಲ್ಲಿ ಎರಡು ವರ್ಷ ಏನೂ ಕಾಣದೆ, ಕೊನೆಗೆ ಒಂದು ಪ್ರಬಂಧ ಮಾತ್ರ ಕೈಗೆ ಬರಬಹುದು. ಒಂದೇ ಮನವಿಯಲ್ಲಿ ಮೂರನ್ನೂ ಬೆರೆಸಿದರೆ, ಸಂಶೋಧನೆಗೆಂದು ಎತ್ತಿದ ಹಣವೆಲ್ಲ ಮುಂದಿನ ವಾರ ಆಸ್ಪತ್ರೆಗೆ ಬಂದ ನಾಯಿಯ ಶಸ್ತ್ರಚಿಕಿತ್ಸೆಗೆ ಹೋಗಿಬಿಡುತ್ತದೆ. ಕಣ್ಣೆದುರು ನರಳುವ ಪ್ರಾಣಿಗೆ ಇಲ್ಲವೆನ್ನಲು ಯಾರಿಗೂ ಮನಸ್ಸು ಬರುವುದಿಲ್ಲವಾದ್ದರಿಂದ, ಆ ಗೆರೆಯನ್ನು ಮೊದಲೇ ಎಳೆದಿಡುವುದು ಒಳ್ಳೆಯದು.

ಇನ್ನು "ನಾಯಿಗಳ ಕ್ಯಾನ್ಸರ್" ಎಂಬುದು ಒಂದೇ ರೋಗವಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆಯಾಗದ ಹೆಣ್ಣುನಾಯಿಗಳಲ್ಲಿ ಹೆಚ್ಚಾಗಿ ಕಾಣುವುದು ಮೊಲೆಗಡ್ಡೆ. ಬೀದಿನಾಯಿಗಳಲ್ಲಿ ಕೂಡುವಿಕೆಯ ಮೂಲಕ ಜೀವಕೋಶಗಳೇ ಒಂದರಿಂದ ಇನ್ನೊಂದಕ್ಕೆ ದಾಟಿ ಬೆಳೆಯುವ, ಜನನಾಂಗದ ಸಾಂಕ್ರಾಮಿಕ ಗಡ್ಡೆಯಿದೆ. ಅದು ಬಹುಮಟ್ಟಿಗೆ ವಿನ್‌ಕ್ರಿಸ್ಟಿನ್ ಚುಚ್ಚುಮದ್ದಿಗೆ ಕರಗುತ್ತದೆ. ಲಿಂಫೋಮಾ ಕೀಮೋಥೆರಪಿಗೆ ಮಣಿದರೂ ಸಾಮಾನ್ಯವಾಗಿ ಮರುಕಳಿಸುತ್ತದೆ. ದೊಡ್ಡ ತಳಿಗಳ ಕಾಲುಮೂಳೆಯಲ್ಲಿ ಬರುವ ಆಸ್ಟಿಯೋಸಾರ್ಕೋಮಾ ಪತ್ತೆಯಾಗುವ ಹೊತ್ತಿಗೆ ಶ್ವಾಸಕೋಶಕ್ಕೆ ಹರಡಲು ತೊಡಗಿರುತ್ತದೆ. ಗುಲ್ಮದಲ್ಲಿ (ಸ್ಪ್ಲೀನ್) ಬೆಳೆಯುವ ಹೆಮಾಂಜಿಯೋಸಾರ್ಕೋಮಾ ಎಂಬ ರಕ್ತನಾಳದ ಕ್ಯಾನ್ಸರಂತೂ ಎಷ್ಟೋ ಸಲ ಒಳಗೇ ರಕ್ತಸ್ರಾವವಾದಾಗ ಮಾತ್ರ ತಿಳಿಯುತ್ತದೆ.

ಇವುಗಳಲ್ಲಿ ಯಾವುದನ್ನು ಆರಿಸಬೇಕೆಂಬುದನ್ನು ನಿಮ್ಮ ನಾಯಿಗೆ ಬಂದಿದ್ದ ರೋಗವೊಂದೇ ನಿರ್ಧರಿಸಬಾರದು. ಸ್ಥಳೀಯ ಆಸ್ಪತ್ರೆಗೆ ವರ್ಷಕ್ಕೆ ಎಂಟು ಪ್ರಕರಣಗಳು ಮಾತ್ರ ಬರುವ ರೋಗದ ಮೇಲೆ ಎರಡು ವರ್ಷದ ಅಧ್ಯಯನವನ್ನು ಕಟ್ಟಿದರೆ, ಹಣವಿದ್ದೂ ನಾಯಿಗಳು ಸಾಲುವುದಿಲ್ಲ. ನಮ್ಮಲ್ಲಿ ಸಣ್ಣ ಗುಂಪಿನ ಹಣಕ್ಕೆ ಹೊಂದುವುದು ಮೊಲೆಗಡ್ಡೆಯೇ ಎಂಬುದು ನನ್ನ ಅಭಿಪ್ರಾಯ. ಪ್ರಕರಣಗಳು ಧಾರಾಳವಾಗಿವೆ, ಗಡ್ಡೆಯ ಮಾದರಿ ಶಸ್ತ್ರಚಿಕಿತ್ಸೆಯಲ್ಲಿ ತಾನಾಗಿಯೇ ಸಿಗುತ್ತದೆ, ಸಂಶೋಧನೆಗೆಂದೇ ನಾಯಿಗೆ ಹೊಸ ನೋವು ಕೊಡಬೇಕಾಗಿಲ್ಲ.

ಎಷ್ಟು ದೊಡ್ಡ ಕನಸು ಕಾಣಬಹುದೆಂಬ ಅಂದಾಜಿಗೆ ಒಂದು ಹೋಲಿಕೆ ಸಾಕು. ಅಮೆರಿಕದ ಮಾರಿಸ್ ಅನಿಮಲ್ ಫೌಂಡೇಶನ್ 2012ರಲ್ಲಿ ಆರಂಭಿಸಿದ ಗೋಲ್ಡನ್ ರಿಟ್ರೀವರ್ ಅಧ್ಯಯನದಲ್ಲಿ 3,000ಕ್ಕೂ ಹೆಚ್ಚು ನಾಯಿಗಳನ್ನು ಎಳವೆಯಿಂದ ಬದುಕಿನ ಕೊನೆಯವರೆಗೆ ಗಮನಿಸುವ ಗುರಿಯಿದೆ. ಕ್ಯಾನ್ಸರಿಗೆ ಕಾರಣವೇನೆಂದು ಕೇಳಲು ಅಷ್ಟು ನಾಯಿಗಳೂ ಅಷ್ಟು ವರ್ಷಗಳೂ ಬೇಕಾಗುತ್ತವೆ. ಹತ್ತು ಲಕ್ಷ ರೂಪಾಯಿಯ ಗುಂಪು ಕೇಳಬಹುದಾದ ಪ್ರಶ್ನೆ ಅದಲ್ಲ.

ಹಂತ 2: ಸಂಶೋಧಕರನ್ನು ಹುಡುಕಿ, ಎರಡು ಪುಟ ಬರೆಸಿಕೊಳ್ಳಿ

ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ ಮತ್ತು ಹಾಸನದ ಪಶುವೈದ್ಯಕೀಯ ಮಹಾವಿದ್ಯಾಲಯಗಳು ಬೀದರಿನಲ್ಲಿ ಕೇಂದ್ರ ಕಚೇರಿಯಿರುವ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿವೆ. ನೆರೆಯ ಚೆನ್ನೈಯಲ್ಲಿ ತಮಿಳುನಾಡಿನ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ. ಹುಡುಕಾಟವನ್ನು ಪ್ರಾಂಶುಪಾಲರ ಕೋಣೆಯಿಂದ ಆರಂಭಿಸದೆ ಪ್ರಬಂಧಗಳಿಂದ ಆರಂಭಿಸಿ. ದೇಶದ ಕೃಷಿ ಮತ್ತು ಪಶುವೈದ್ಯಕೀಯ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಪ್ರಬಂಧಗಳನ್ನು ಕೂಡಿಡುವ ಕೃಷಿಕೋಶ್ ಎಂಬ ಭಂಡಾರ ಅಂತರಜಾಲದಲ್ಲಿದೆ. ಅಲ್ಲಿ ನೀವು ಆರಿಸಿದ ಗಡ್ಡೆಯ ಹೆಸರನ್ನು ಹಾಕಿ ಹುಡುಕಿದರೆ ಈ ವಿಷಯದಲ್ಲಿ ಯಾರು ಮಾರ್ಗದರ್ಶನ ಮಾಡಿದ್ದಾರೆ, ಎಷ್ಟು ನಾಯಿಗಳನ್ನು ನೋಡಿದ್ದಾರೆ, ಎಲ್ಲಿಗೆ ನಿಲ್ಲಿಸಿದ್ದಾರೆ ಎಂಬುದು ತಿಳಿಯುತ್ತದೆ. ಪ್ರಬಂಧಗಳ ಕೊನೆಯ ಅಧ್ಯಾಯದಲ್ಲಿ ಮುಂದೆ ಆಗಬೇಕಾದ ಕೆಲಸವನ್ನು ಬರೆದಿರುತ್ತಾರೆ. ನಿಮಗೆ ಬೇಕಾದ ಪ್ರಶ್ನೆ ಹಲವು ಸಲ ಅಲ್ಲೇ ಸಿಗುತ್ತದೆ.

ಆ ಮಾರ್ಗದರ್ಶಕರನ್ನು ಮುಂಚಿತವಾಗಿ ಸಮಯ ಕೇಳಿ ಭೇಟಿಯಾಗಿ. ರೋಗಶಾಸ್ತ್ರ ವಿಭಾಗ ಮತ್ತು ಶಸ್ತ್ರಚಿಕಿತ್ಸಾ ವಿಭಾಗ ಎರಡನ್ನೂ ಕಾಣಬೇಕು, ಏಕೆಂದರೆ ಗಡ್ಡೆಯನ್ನು ತೆಗೆಯುವವರು ಒಬ್ಬರು, ಅದನ್ನು ಸೂಕ್ಷ್ಮದರ್ಶಕದಡಿ ನೋಡುವವರು ಇನ್ನೊಬ್ಬರು. ಇಬ್ಬರಿಗೂ ಒಪ್ಪಿಗೆಯಿಲ್ಲದ ಯೋಜನೆ ಕಾಗದದಲ್ಲೇ ಉಳಿಯುತ್ತದೆ. ಭೇಟಿಯಲ್ಲಿ ಹಣದ ಮಾತನ್ನು ಎತ್ತುವ ಮೊದಲು ಇವನ್ನು ಕೇಳಿ: ಕಳೆದ ವರ್ಷ ಈ ರೋಗದ ಎಷ್ಟು ನಾಯಿಗಳು ಬಂದವು, ಅವುಗಳಲ್ಲಿ ಎಷ್ಟಕ್ಕೆ ಹಿಸ್ಟೊಪೆಥಾಲಜಿ (ಗಡ್ಡೆಯ ತುಣುಕನ್ನು ಸೂಕ್ಷ್ಮದರ್ಶಕದಡಿ ನೋಡುವ ಪರೀಕ್ಷೆ) ಆಯಿತು, ಶಸ್ತ್ರಚಿಕಿತ್ಸೆಯ ಆರು ತಿಂಗಳ ನಂತರ ಎಷ್ಟು ನಾಯಿಗಳ ಸ್ಥಿತಿ ತಿಳಿದಿದೆ. ಮೂರನೆಯ ಪ್ರಶ್ನೆಗೆ ಉತ್ತರವಾಗಿ ಮೌನ ಬಂದರೆ ಬೇಸರಪಡಬೇಡಿ. ನಿಮ್ಮ ಹಣ ನಿಜವಾಗಿ ಎಲ್ಲಿ ಉಪಯೋಗಕ್ಕೆ ಬರುತ್ತದೆಂಬುದು ಆಗಲೇ ತಿಳಿದಂತಾಯಿತು.

ಆಸಕ್ತಿ ತೋರಿದವರಿಂದ ಎರಡು ಪುಟದ ಟಿಪ್ಪಣಿ ಬರೆಸಿಕೊಳ್ಳಿ: ಪ್ರಶ್ನೆ, ವಿಧಾನ, ನಾಯಿಗಳ ಸಂಖ್ಯೆ, ಅವಧಿ, ಬೇಕಾದ ಸಾಮಗ್ರಿ. ಪ್ರಾಣಿಗಳ ಮೇಲಿನ ಸಂಶೋಧನೆಗೆ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬೇಕಾಗುತ್ತದೆ. ಸಾಕುನಾಯಿಗಳಾದರೆ ಯಜಮಾನರ ಲಿಖಿತ ಸಮ್ಮತಿಯೂ ಬೇಕು. ಸಮ್ಮತಿ ಪತ್ರ ಕನ್ನಡದಲ್ಲಿರಲಿ ಎಂದು ಈಗಲೇ ಹೇಳಿಬಿಡಿ. ಇಂಗ್ಲಿಷ್ ಪತ್ರಕ್ಕೆ ಸಹಿ ಹಾಕಿದ ಯಜಮಾನರು ತಾವು ಒಪ್ಪಿದ್ದೇನೆಂದು ತಿಳಿಯದೆ ಮುಂದಿನ ತಪಾಸಣೆಗೆ ಬಾರದಿರುವುದನ್ನು ನಾನು ನೋಡಿದ್ದೇನೆ.

*ಅಪಾಯದ ಸೂಚನೆ:* ಟಿಪ್ಪಣಿ ಬರೆಯಲು ಒಪ್ಪದೆ "ಮೊದಲು ಹಣ ಎಷ್ಟಾಗುತ್ತದೆ ನೋಡಿ, ಆಮೇಲೆ ಯೋಚಿಸೋಣ" ಎನ್ನುವವರು. ಒಂದೇ ಔಷಧಿಯಿಂದ ಎಲ್ಲ ಕ್ಯಾನ್ಸರೂ ವಾಸಿಯಾಗುತ್ತದೆ ಎನ್ನುವವರು. ನೈತಿಕ ಸಮಿತಿಯ ಹೆಸರೆತ್ತಿದರೆ ಮಾತು ಬದಲಿಸುವವರು. ಹಾಗೆಯೇ ಪ್ರಧಾನ ಸಂಶೋಧಕರ ನಿವೃತ್ತಿಗೆ ಎಷ್ಟು ವರ್ಷವಿದೆ ಎಂಬುದನ್ನು ವಿನಯದಿಂದಲೇ ವಿಚಾರಿಸಿ, ಸಹ ಸಂಶೋಧಕರೊಬ್ಬರ ಹೆಸರನ್ನು ಬರೆಸಿಕೊಳ್ಳಿ. ವರ್ಗಾವಣೆಯ ಆದೇಶ ನಿಮ್ಮ ಯೋಜನೆ ಮುಗಿಯಲೆಂದು ಕಾಯುವುದಿಲ್ಲ.

ಹಂತ 3: ಅಂದಾಜು ಪಟ್ಟಿ

ಹೊಸಬರು ಪ್ರಯೋಗಾಲಯದ ಯಂತ್ರವನ್ನು ದೊಡ್ಡ ಖರ್ಚೆಂದು ಭಾವಿಸುತ್ತಾರೆ, ಆದರೆ ಹೆಚ್ಚು ಹಣ ಹೋಗುವುದು ಕೆಲಸ ಮಾಡುವ ಮನುಷ್ಯರಿಗೆ. 2023ರ ಜನವರಿಯಿಂದ ಜಾರಿಗೆ ಬಂದ ದರದಂತೆ ಕಿರಿಯ ಸಂಶೋಧನಾ ಫೆಲೋಗೆ ತಿಂಗಳಿಗೆ 37,000 ರೂಪಾಯಿ, ಹಿರಿಯ ಫೆಲೋಗೆ 42,000 ರೂಪಾಯಿ. ಒಬ್ಬರನ್ನು ಎರಡು ವರ್ಷ ಕಿರಿಯರಾಗಿ, ಒಂದು ವರ್ಷ ಹಿರಿಯರಾಗಿ ಇಟ್ಟುಕೊಂಡರೆ ಮನೆಬಾಡಿಗೆ ಭತ್ಯೆಯನ್ನು ಬಿಟ್ಟೇ 13,92,000 ರೂಪಾಯಿ ಬೇಕು. ಇಷ್ಟು ಹಣವನ್ನು ಮೂರು ವರ್ಷ ನಿಲ್ಲಿಸದೆ ಕೊಡುವ ಭರವಸೆಯಿಲ್ಲದ ಗುಂಪು ಫೆಲೋ ನೇಮಕಕ್ಕೆ ಕೈಹಾಕಬಾರದು. ನಡುವೆ ಹಣ ನಿಂತರೆ ಹಾಳಾಗುವುದು ಒಬ್ಬ ವಿದ್ಯಾರ್ಥಿಯ ಭವಿಷ್ಯ. ಅದಕ್ಕಿಂತ ಈಗಾಗಲೇ ಸ್ನಾತಕೋತ್ತರ ಪದವಿಗೆ ಸೇರಿರುವ ವಿದ್ಯಾರ್ಥಿಯ ಪ್ರಬಂಧಕ್ಕೆ ಬೇಕಾದ ರಾಸಾಯನಿಕ, ಕಿಟ್ ಮತ್ತು ಓಡಾಟದ ವೆಚ್ಚವನ್ನು ವಹಿಸಿಕೊಳ್ಳುವುದು ಸಣ್ಣ ಗುಂಪಿನ ಅಳವಿಗೆ ತಕ್ಕುದು.

ಪಟ್ಟಿಯಲ್ಲಿ ಬಿಟ್ಟುಹೋಗುವ ಬಾಬ್ತುಗಳು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಗಡ್ಡೆಯ ಜೀವಕೋಶಗಳಲ್ಲಿನ ಪ್ರೋಟೀನುಗಳನ್ನು ಬಣ್ಣದಿಂದ ಗುರುತಿಸುವ ಇಮ್ಯುನೋಹಿಸ್ಟೊಕೆಮಿಸ್ಟ್ರಿ ಪರೀಕ್ಷೆಗೆ ಬೇಕಾದ ಪ್ರತಿಕಾಯಗಳು ಹಲವು ಸಲ ವಿದೇಶದಿಂದ ಶೀತಲ ಪೆಟ್ಟಿಗೆಯಲ್ಲಿ ಬರಬೇಕಾಗುತ್ತವೆ. ಅವುಗಳ ಸಾಗಣೆ ಮತ್ತು ಜಿಎಸ್‌ಟಿಯನ್ನು ಬೆಲೆಯ ಜೊತೆಗೇ ಬರೆಸಿಕೊಳ್ಳಿ. ವಿಶ್ವವಿದ್ಯಾಲಯಗಳು ಹೊರಗಿನ ಅನುದಾನದಲ್ಲಿ ಒಂದು ಪಾಲನ್ನು ಸಾಂಸ್ಥಿಕ ಶುಲ್ಕವಾಗಿ ಹಿಡಿದುಕೊಳ್ಳುವುದುಂಟು; ಅದು ಶೇಕಡಾ ಎಷ್ಟೆಂದು ಲಿಖಿತವಾಗಿ ಕೇಳಿ. ಮಾದರಿಗಳನ್ನು ಇಡುವ ಮೈನಸ್ 80 ಡಿಗ್ರಿಯ ಫ್ರೀಜರಿನಲ್ಲಿ ಜಾಗವಿದೆಯೇ, ಕರೆಂಟ್ ಹೋದಾಗ ಜನರೇಟರ್ ಇದೆಯೇ ಎಂಬುದನ್ನು ಕಣ್ಣಾರೆ ನೋಡಿ ಬನ್ನಿ.

ಎಲ್ಲಕ್ಕಿಂತ ಮುಖ್ಯವಾದ ಬಾಬ್ತು ಅತಿ ಅಗ್ಗವಾದುದು. ಶಸ್ತ್ರಚಿಕಿತ್ಸೆಯಾದ ನಾಯಿಯನ್ನು ಮೂರು ತಿಂಗಳು, ಆರು ತಿಂಗಳು, ಒಂದು ವರ್ಷದ ಬಳಿಕ ಮತ್ತೆ ತೋರಿಸಲು ಯಜಮಾನರು ಬರುವುದಿಲ್ಲ. ನಾಯಿಯನ್ನು ಹತ್ತಿಸಿಕೊಳ್ಳುವ ಆಟೋ ಸಿಗುವುದು ಕಷ್ಟ, ಕೆಲಸಕ್ಕೆ ರಜೆ ಹಾಕಬೇಕು, ನಾಯಿ ಹೇಗೂ ಚೆನ್ನಾಗಿಯೇ ಇದೆ. ಹೀಗೆ ಮರುತಪಾಸಣೆ ತಪ್ಪಿದ ಪ್ರತಿ ನಾಯಿಯೂ ಅಧ್ಯಯನದಿಂದ ಕಳೆದುಹೋದಂತೆ. ಆದ್ದರಿಂದ ಓಡಾಟದ ಭತ್ಯೆ ಮತ್ತು ತಪ್ಪದೆ ಫೋನ್ ಮಾಡಿ ನೆನಪಿಸುವ ಒಬ್ಬರ ಗೌರವಧನವನ್ನು ಪಟ್ಟಿಯ ಮೇಲ್ಭಾಗದಲ್ಲೇ ಸೇರಿಸಿ.

ಹಂತ 4: ಹಣ ಹರಿಯುವ ದಾರಿ

ಮೊದಲ ನಿಯಮ: ಯಾರೊಬ್ಬರ ಸ್ವಂತ ಖಾತೆಗೂ, ಸ್ವಂತ ಯುಪಿಐ ಸಂಖ್ಯೆಗೂ ಒಂದು ರೂಪಾಯಿಯೂ ಬರಬಾರದು. ನಂಬಿಕೆಯ ಪ್ರಶ್ನೆ ಹಾಗಿರಲಿ, ಸಂಬಂಧಿಕರಲ್ಲದವರಿಂದ ಒಂದು ಆರ್ಥಿಕ ವರ್ಷದಲ್ಲಿ ಒಟ್ಟು 50,000 ರೂಪಾಯಿಗಿಂತ ಹೆಚ್ಚು ಹಣ ಉಡುಗೊರೆಯಾಗಿ ಬಂದರೆ ಅದಷ್ಟೂ ಪಡೆದವರ ಆದಾಯವೆಂದು ತೆರಿಗೆಗೆ ಒಳಪಡುತ್ತದೆ. ಖಾತೆ ಕೊಟ್ಟ ಸಜ್ಜನರು ಮರುವರ್ಷ ನೋಟಿಸು ಹಿಡಿದು ಆಡಿಟರ್ ಬಳಿಗೆ ಓಡಬೇಕಾಗುತ್ತದೆ.

ಉಳಿಯುವುದು ಮೂರು ದಾರಿಗಳು. ದಾನಿಗಳು ನಾಲ್ಕೈದು ಮಂದಿ ಮಾತ್ರವಿದ್ದು ಮೊತ್ತ ದೊಡ್ಡದಿದ್ದರೆ, ಯೋಜನೆಯ ಹೆಸರನ್ನು ನಮೂದಿಸಿ ವಿಶ್ವವಿದ್ಯಾಲಯದ ಖಾತೆಗೇ ನೇರವಾಗಿ ಕೊಡುವುದು ಸರಳ. ದಾನಿಗಳು ನೂರಾರು ಮಂದಿಯಾಗುವುದಿದ್ದರೆ, ಈಗಾಗಲೇ ನೋಂದಣಿಯಾಗಿ 12ಎ (ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯಿತಿ) ಮತ್ತು 80ಜಿ (ದಾನಿಗೆ ತೆರಿಗೆ ವಿನಾಯಿತಿ) ಮಾನ್ಯತೆ ಪಡೆದಿರುವ ಟ್ರಸ್ಟ್ ಒಂದರ ಆಶ್ರಯದಲ್ಲಿ ಸಂಗ್ರಹಿಸುವುದು ಮೇಲು. ಹಾಗೆ ಮಾಡುವಾಗ ಆ ಟ್ರಸ್ಟಿನ ಉದ್ದೇಶಗಳ ಪಟ್ಟಿಯಲ್ಲಿ ಪ್ರಾಣಿಗಳ ಕಲ್ಯಾಣ ಅಥವಾ ಸಂಶೋಧನೆ ಇದೆಯೇ ಎಂದು ಪತ್ರವನ್ನೇ ಓದಿ ನೋಡಿ, ಈ ಯೋಜನೆಗೆ ಪ್ರತ್ಯೇಕ ಲೆಕ್ಕದ ಶೀರ್ಷಿಕೆಯನ್ನು ತೆರೆಸಿ. ಮೂರನೆಯದು ನಿಮ್ಮದೇ ಟ್ರಸ್ಟನ್ನೋ ಸಂಘವನ್ನೋ ಕಟ್ಟುವುದು. ಕರ್ನಾಟಕ ಸಂಘಗಳ ನೋಂದಣಿ ಕಾಯಿದೆ, 1960ರ ಅಡಿಯಲ್ಲಿ ಸಂಘ ಕಟ್ಟಲು ಕನಿಷ್ಠ ಏಳು ಮಂದಿ ಬೇಕು. ಐದು ವರ್ಷವಾದರೂ ನಡೆಸುವ ಛಲವಿಲ್ಲದಿದ್ದರೆ ಇದಕ್ಕೆ ಹೋಗಬೇಡಿ. ವರ್ಷಾವರ್ಷದ ಲೆಕ್ಕಪರಿಶೋಧನೆ, ಸಭೆಯ ನಡಾವಳಿ, ತೆರಿಗೆ ವಿವರಣೆಗಳೇ ನಿಮ್ಮ ಉತ್ಸಾಹವನ್ನು ತಿಂದುಹಾಕುತ್ತವೆ.

ತೆರಿಗೆಯ ವಿಷಯದಲ್ಲಿ ದಾನಿಗಳಿಗೆ ಅರ್ಧ ಸತ್ಯ ಹೇಳಬಾರದು. 80ಜಿ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಸಿಗುತ್ತದೆ, ಹೊಸ ಪದ್ಧತಿಯಲ್ಲಿರುವ ಸಂಬಳದಾರರಿಗೆ ಸಿಗುವುದಿಲ್ಲ. 2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೂ ಅದು ಅನ್ವಯಿಸುವುದಿಲ್ಲ. ಟ್ರಸ್ಟ್ ಪ್ರತಿ ದಾನಿಯ ಹೆಸರು, ವಿಳಾಸ, ಪ್ಯಾನ್ ಸಹಿತ ವಾರ್ಷಿಕ ಪಟ್ಟಿಯನ್ನು ಇಲಾಖೆಗೆ ಸಲ್ಲಿಸಿದ ಮೇಲೆಯೇ ದಾನಿಗೆ ಪ್ರಮಾಣಪತ್ರ ಸಿಗುವುದರಿಂದ, ಈ ವಿವರಗಳನ್ನು ಹಣ ಪಡೆಯುವ ದಿನವೇ ಬರೆದುಕೊಳ್ಳಬೇಕು. 2025ರ ಹೊಸ ಆದಾಯ ತೆರಿಗೆ ಕಾಯಿದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬರುವುದರೊಂದಿಗೆ ಸೆಕ್ಷನ್ನುಗಳ ಸಂಖ್ಯೆಗಳು ಬದಲಾಗುತ್ತವೆ. ರಸೀದಿ ಪುಸ್ತಕ ಅಚ್ಚು ಹಾಕಿಸುವ ಮೊದಲು ಆಡಿಟರಿಗೆ ತೋರಿಸಿ.

ವಿದೇಶದಿಂದ ಬರುವ ಹಣದಲ್ಲಿ ಎಡವಿದರೆ ಏಳುವುದು ಕಷ್ಟ. ಭಾರತದ ಪಾಸ್‌ಪೋರ್ಟ್ ಹೊಂದಿರುವ ಅನಿವಾಸಿಗಳು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಡುವ ಹಣ ವಿದೇಶಿ ವಂತಿಗೆಯಲ್ಲ. ಆದರೆ ಅಮೆರಿಕದ ಪೌರತ್ವ ಪಡೆದ ನಿಮ್ಮ ಅಣ್ಣ, ಓಸಿಐ ಕಾರ್ಡ್ (ಸಾಗರೋತ್ತರ ಭಾರತೀಯರ ಕಾರ್ಡ್) ಇದ್ದರೂ, ಕಾನೂನಿನ ಕಣ್ಣಿನಲ್ಲಿ ವಿದೇಶಿ ಮೂಲ. ಅವರ ಹಣವನ್ನು ಪಡೆಯಲು ಟ್ರಸ್ಟಿಗೆ ವಿದೇಶಿ ವಂತಿಗೆ ನಿಯಂತ್ರಣ ಕಾಯಿದೆಯ, ಅಂದರೆ ಎಫ್‌ಸಿಆರ್‌ಎ ನೋಂದಣಿ ಇರಬೇಕು, ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಗೊತ್ತುಪಡಿಸಿದ ಖಾತೆಗೇ ಬರಬೇಕು. 2020ರ ತಿದ್ದುಪಡಿಯ ನಂತರ ಹಾಗೆ ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತೆಯೂ ಇಲ್ಲ. ಅಂದರೆ ಟ್ರಸ್ಟ್ ಪಡೆದು ಕಾಲೇಜಿಗೆ ಕೊಡುವ ನಿಮ್ಮ ಏರ್ಪಾಡೇ ಇಲ್ಲಿ ನಡೆಯುವುದಿಲ್ಲ. ಆದ್ದರಿಂದ ಆನ್‌ಲೈನ್ ಪುಟದಲ್ಲಿ ವಿದೇಶಿ ಕಾರ್ಡುಗಳ ಪಾವತಿಯನ್ನು ಮೊದಲ ದಿನವೇ ಮುಚ್ಚಿಸಿ, ಹೊರದೇಶದ ಪೌರರಿಗೆ ಮುಂದೆ ಹೇಳಿರುವ ದಾರಿಯನ್ನು ತೋರಿಸಿ.

ಹಂತ 5: ಒಡಂಬಡಿಕೆ

ಪ್ರಾಧ್ಯಾಪಕರ ಬಾಯಿಮಾತು ಎಷ್ಟೇ ಪ್ರಾಮಾಣಿಕವಾಗಿದ್ದರೂ ವಿಶ್ವವಿದ್ಯಾಲಯವನ್ನು ಕಟ್ಟಿಹಾಕುವುದಿಲ್ಲ. ಸಂಶೋಧನಾ ನಿರ್ದೇಶಕರ ಅಥವಾ ಕುಲಸಚಿವರ ಮಟ್ಟದಲ್ಲಿ ಸಹಿಯಾದ ಒಡಂಬಡಿಕೆ ಬೇಕು. ಅದರಲ್ಲಿ ಹಣ ಎಷ್ಟು ಕಂತುಗಳಲ್ಲಿ ಬರುತ್ತದೆ, ಪ್ರತಿ ಕಂತಿಗೆ ಮುನ್ನ ಯಾವ ವರದಿ ಬೇಕು, ಖರೀದಿಸಿದ ಉಪಕರಣ ಯಾರದು, ಸಂಶೋಧಕರು ಬದಲಾದರೆ ಏನು, ಉಳಿದ ಹಣ ಎಲ್ಲಿಗೆ ಹೋಗುತ್ತದೆ ಎಂಬುವು ಇರಲಿ. ಫಲಿತಾಂಶ ಏನೇ ಬಂದರೂ ಪ್ರಕಟಿಸುವ ಸ್ವಾತಂತ್ರ್ಯ ಸಂಶೋಧಕರದೇ ಎಂಬ ಸಾಲನ್ನು ನೀವಾಗಿಯೇ ಸೇರಿಸಿ. ಹಣ ಕೊಟ್ಟವರು ಫಲಿತಾಂಶದಲ್ಲಿ ಬಾಯಿ ಹಾಕುವುದಿಲ್ಲವೆಂಬ ಖಾತರಿ ಸಿಕ್ಕರೆ ಒಳ್ಳೆಯ ಸಂಶೋಧಕರು ನಿಮ್ಮೊಡನೆ ಕೆಲಸ ಮಾಡಲು ಹಿಂಜರಿಯುವುದಿಲ್ಲ.

ಸರ್ಕಾರಿ ವಿಶ್ವವಿದ್ಯಾಲಯಗಳು ಖರೀದಿಯಲ್ಲಿ 1999ರ ಪಾರದರ್ಶಕತೆ ಕಾಯಿದೆಯನ್ನು ಪಾಲಿಸಬೇಕಾಗಿರುವುದರಿಂದ ಒಂದು ಕಿಟ್ ಬರಲು ತಿಂಗಳುಗಟ್ಟಲೆ ಹಿಡಿಯಬಹುದು. ಇದನ್ನು ವೇಳಾಪಟ್ಟಿಯಲ್ಲೇ ಸೇರಿಸಿಕೊಂಡರೆ ಮುಂದೆ ದಾನಿಗಳೆದುರು ತಲೆತಗ್ಗಿಸಬೇಕಾಗುವುದಿಲ್ಲ.

ಹಂತ 6: ಮನವಿಯ ಬರಹ

ಇಲ್ಲಿಗೆ ಬರುವಷ್ಟರಲ್ಲಿ ನಾಲ್ಕೈದು ತಿಂಗಳು ಕಳೆದಿರುತ್ತವೆ, ಅದು ಸಹಜ. ಈಗ ಮನವಿಯನ್ನು ಒಂದು ಪುಟದೊಳಗೆ ಬರೆಯಿರಿ. ಅದರ ಧಾಟಿ ಹೀಗಿದ್ದರೆ ಸಾಕು:

"ಹೆಣ್ಣುನಾಯಿಗಳ ಮೊಲೆಗಡ್ಡೆಯನ್ನು ತೆಗೆದ ಮೇಲೆ ಅದು ಯಾವ ನಾಯಿಯಲ್ಲಿ ಮರುಕಳಿಸುತ್ತದೆಂದು ಮೊದಲೇ ಅಂದಾಜು ಮಾಡಲು ಸಾಧ್ಯವೇ ಎಂಬುದನ್ನು ತಿಳಿಯಲು, ಅರವತ್ತು ನಾಯಿಗಳನ್ನು ಹದಿನೆಂಟು ತಿಂಗಳ ಕಾಲ ಗಮನಿಸುವ ಅಧ್ಯಯನಕ್ಕೆ ನಾವು ಹಣ ಸಂಗ್ರಹಿಸುತ್ತಿದ್ದೇವೆ. ಈ ಹಣದಿಂದ ಯಾವುದೇ ನಾಯಿಗೆ ಉಚಿತ ಚಿಕಿತ್ಸೆ ದೊರೆಯುವುದಿಲ್ಲ. ಅಧ್ಯಯನದಿಂದ ಉಪಯುಕ್ತ ಉತ್ತರ ಸಿಗದೆಯೂ ಇರಬಹುದು. ಹಾಗಾದರೆ ಅದನ್ನೂ ನಿಮಗೆ ತಿಳಿಸುತ್ತೇವೆ. ಖರ್ಚಿನ ಪಟ್ಟಿ, ನೈತಿಕ ಸಮಿತಿಯ ಒಪ್ಪಿಗೆ ಮತ್ತು ಒಡಂಬಡಿಕೆಯ ಪ್ರತಿ ಕೇಳಿದವರಿಗೆ ಲಭ್ಯ."

ಉತ್ತರ ಸಿಗದೆಯೂ ಇರಬಹುದೆಂಬ ಸಾಲನ್ನು ಅಳಿಸಲು ನಿಮ್ಮ ಗುಂಪಿನಲ್ಲೇ ಯಾರಾದರೂ ಹಟ ಹಿಡಿಯುತ್ತಾರೆ. ಅಳಿಸಬೇಡಿ. ಕ್ಯಾನ್ಸರಿಗೆ ಮದ್ದು ಕಂಡುಹಿಡಿಯುತ್ತೇವೆಂದು ಪಡೆದ ಹಣಕ್ಕೆ ಎರಡು ವರ್ಷದ ಮೇಲೆ ಮದ್ದನ್ನೇ ಕೇಳುತ್ತಾರೆ. ತೀರಿಕೊಂಡ ನಾಯಿಯ ಚಿತ್ರವನ್ನು ಹಾಕುವುದಾದರೆ ಅದು ಆರೋಗ್ಯವಾಗಿದ್ದಾಗಿನದಿರಲಿ. ಗಾಯದ, ಹುಣ್ಣಿನ ಚಿತ್ರಗಳು ಜನರನ್ನು ಒಂದು ಸಲ ಕರಗಿಸುತ್ತವೆ, ಎರಡನೆಯ ಸಲ ಓಡಿಸುತ್ತವೆ.

"ಮನುಷ್ಯರಿಗೇ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಹಾಸಿಗೆ ಸಿಗುತ್ತಿಲ್ಲ, ನಾಯಿಗೇಕೆ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಸಿಟ್ಟಾಗದೆ ಉತ್ತರಿಸಿ. ಪ್ರಯೋಗಾಲಯದ ಇಲಿಯಲ್ಲಿ ಬೆಳೆಸುವ ಗಡ್ಡೆಯಂತಲ್ಲದೆ ಸಾಕುನಾಯಿಗೆ ಕ್ಯಾನ್ಸರ್ ತಾನಾಗಿ ಬರುತ್ತದೆ, ಅದು ನಮ್ಮದೇ ಮನೆಯ ಗಾಳಿ ನೀರಿನಲ್ಲಿ ಬದುಕುತ್ತದೆ. ಈ ಕಾರಣಕ್ಕೇ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಸಾಕುನಾಯಿಗಳ ಕ್ಯಾನ್ಸರನ್ನು ಮನುಷ್ಯರದರೊಡನೆ ಹೋಲಿಸಿ ನೋಡುವ ಪ್ರತ್ಯೇಕ ವಿಭಾಗವನ್ನು ನಡೆಸುತ್ತಿದೆ. ಇಷ್ಟು ಹೇಳಿ ನಿಲ್ಲಿಸಿ. ನಿಮ್ಮ ಅರವತ್ತು ನಾಯಿಗಳ ಅಧ್ಯಯನದಿಂದ ಮನುಷ್ಯರ ಕ್ಯಾನ್ಸರ್ ವಾಸಿಯಾಗುತ್ತದೆ ಎನ್ನಬೇಡಿ.

ಹಂತ 7: ಕೇಳುವ ಕ್ರಮ

ಗುರಿಯ ಮೂರನೆಯ ಒಂದು ಭಾಗವಾದರೂ ಆಪ್ತರಿಂದ ಕೂಡಿದ ಮೇಲೆಯೇ ಮನವಿಯನ್ನು ಬಹಿರಂಗ ಮಾಡಿ. ಸೊನ್ನೆಯಲ್ಲಿ ನಿಂತಿರುವ ಪುಟಕ್ಕೆ ಅಪರಿಚಿತರು ಹಣ ಹಾಕುವುದಿಲ್ಲ. ಗುಂಪಿನ ಸದಸ್ಯರು ತಾವೇ ಮೊದಲು ಕೊಟ್ಟಿರಬೇಕು. ಅನಂತರ ತಳಿ ಸಂಘಗಳು, ಅಪಾರ್ಟ್‌ಮೆಂಟಿನ ನಾಯಿ ಸಾಕುವವರು, ಸಾಕುಪ್ರಾಣಿ ಆಹಾರದ ಅಂಗಡಿಯವರು, ಖಾಸಗಿ ಪಶುವೈದ್ಯರು. ಪಶುವೈದ್ಯರ ಕ್ಲಿನಿಕ್ಕಿನಲ್ಲಿ ಭಿತ್ತಿಪತ್ರ ಅಂಟಿಸಬಹುದು, ಆದರೆ ಈಗಷ್ಟೇ ತಮ್ಮ ನಾಯಿಗೆ ಕ್ಯಾನ್ಸರೆಂದು ಕೇಳಿ ಹೊರಬಂದವರ ಕೈಗೆ ಮನವಿ ಕೊಡುವುದು ಸಲ್ಲದು.

ಮಿಲಾಪ್, ಕೆಟ್ಟೊದಂಥ ಆನ್‌ಲೈನ್ ವೇದಿಕೆಗಳು ವೈಯಕ್ತಿಕ ಚಿಕಿತ್ಸೆಯ ಮನವಿಗಳಿಗೆ ಚೆನ್ನಾಗಿ ಒದಗುತ್ತವೆ. ಸಂಶೋಧನೆಯಂಥ ತಣ್ಣನೆಯ ವಿಷಯಕ್ಕೆ ಅಲ್ಲಿ ತಾನಾಗಿ ಜನ ಬರುವುದಿಲ್ಲ, ನೀವೇ ಕರೆತರಬೇಕು. ಪಾವತಿ ಶುಲ್ಕ ಕಳೆದು ಕೈಗೆ ಎಷ್ಟು ಬರುತ್ತದೆಂದು ಮೊದಲೇ ಲೆಕ್ಕ ಹಾಕಿ. ಯುಪಿಐ ಕ್ಯೂಆರ್ ಕೋಡನ್ನು ಭಿತ್ತಿಪತ್ರದ ಮೇಲೆ ಅಂಟಿಸದೆ ಅಚ್ಚಿನಲ್ಲೇ ಸೇರಿಸಿ, ಟ್ರಸ್ಟಿನ ಹೆಸರನ್ನು ಪಕ್ಕದಲ್ಲೇ ಮುದ್ರಿಸಿ, ವಾರಕ್ಕೊಮ್ಮೆ ಒಂದು ರೂಪಾಯಿ ಹಾಕಿ ಪರೀಕ್ಷಿಸಿ. ನಿಮ್ಮ ಕೋಡಿನ ಮೇಲೆ ಬೇರೊಬ್ಬರು ತಮ್ಮದನ್ನು ಅಂಟಿಸಿ ಹೋಗುವುದು ಕಟ್ಟುಕಥೆಯಲ್ಲ.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಯನ್ನು ಕೇಳುವವರು ನೆನಪಿಡಬೇಕಾದ್ದು ಇಷ್ಟು. 2013ರ ಕಂಪನಿ ಕಾಯಿದೆಯ 135ನೇ ಸೆಕ್ಷನ್ನಿನ ವ್ಯಾಪ್ತಿಗೆ ಬರುವ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಖರ್ಚು ಮಾಡಬೇಕು, ಮತ್ತು ಕಾಯಿದೆಯ ಏಳನೇ ಅನುಸೂಚಿಯಲ್ಲಿ ಪ್ರಾಣಿಗಳ ಕಲ್ಯಾಣವೂ ಇದೆ. ಟ್ರಸ್ಟಿನ ಮೂಲಕ ಪಡೆಯುವುದಾದರೆ ಇಂಥ ನಿಧಿ ಪಡೆಯುವ ಸಂಸ್ಥೆಗಳಿಗೆಂದೇ ಇರುವ ಸಿಎಸ್‌ಆರ್-1 ನೋಂದಣಿಯೂ ಮೂರು ವರ್ಷದ ಕೆಲಸದ ದಾಖಲೆಯೂ ಬೇಕು. ರಾಜ್ಯದ ಕಾಯಿದೆಯಿಂದ ಸ್ಥಾಪಿತವಾದ ವಿಶ್ವವಿದ್ಯಾಲಯಕ್ಕೆ ಆ ಮೂರು ವರ್ಷದ ಷರತ್ತು ಇಲ್ಲದಿರುವುದರಿಂದ, ಹೊಸ ಗುಂಪುಗಳು ಕಂಪನಿಯನ್ನೂ ವಿಶ್ವವಿದ್ಯಾಲಯವನ್ನೂ ನೇರವಾಗಿ ಮಾತನಾಡಿಸಿ ತಾವು ಬದಿಗೆ ಸರಿಯುವುದು ಜಾಣತನ. ಅರ್ಜಿಯನ್ನು ಆರ್ಥಿಕ ವರ್ಷದ ಮೊದಲ ತಿಂಗಳುಗಳಲ್ಲೇ ಕೊಡಿ; ಮಾರ್ಚಿನಲ್ಲಿ ಸಿಗುವ ಹಣ ಉಳಿಕೆಯ ಹಣ, ಅದಕ್ಕೆ ಅವಸರದ ಷರತ್ತುಗಳು ಅಂಟಿಕೊಂಡಿರುತ್ತವೆ.

ಹಂತ 8: ನಾಯಿ ನಡಿಗೆ ಏರ್ಪಡಿಸುವುದಾದರೆ

ನಡಿಗೆಯಿಂದ ಹಣಕ್ಕಿಂತ ಪರಿಚಯಗಳು ಹೆಚ್ಚು ಸಿಗುತ್ತವೆ ಎಂದು ತಿಳಿದೇ ಇಳಿಯಿರಿ. ರಸ್ತೆಯಾದರೆ ಪೊಲೀಸರ, ಉದ್ಯಾನವಾದರೆ ತೋಟಗಾರಿಕೆ ಇಲಾಖೆಯ ಅನುಮತಿಯನ್ನು ಲಿಖಿತವಾಗಿ ಪಡೆಯಿರಿ. ಬೆಳಗ್ಗೆ ಆರಕ್ಕೆ ಆರಂಭಿಸಿ ಎಂಟಕ್ಕೆ ಮುಗಿಸಿ. ಡಾಂಬರು ಅಂಗೈಗೆ ಬಿಸಿಯೆನಿಸಿದರೆ ನಾಯಿಯ ಪಾದಕ್ಕೂ ಬಿಸಿಯೇ. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂಗಿನ ನಾಯಿಗಳಿಗೆ ಅರ್ಧ ದೂರ ಸಾಕು. ರೇಬೀಸ್ ಲಸಿಕೆಯ ಪತ್ರವಿಲ್ಲದ ನಾಯಿಗೆ ಪ್ರವೇಶ ಬೇಡ, ಎಳೆದರೆ ಉದ್ದವಾಗುವ ಹಗ್ಗ ಬೇಡ, ಬೆದೆಗೆ ಬಂದ ಹೆಣ್ಣುನಾಯಿ ಮನೆಯಲ್ಲೇ ಇರಲಿ. ತಮಟೆ, ಪಟಾಕಿ, ಧ್ವನಿವರ್ಧಕ ಯಾವುದೂ ಇರಕೂಡದು.

ಕೀಮೋಥೆರಪಿ ನಡೆಯುತ್ತಿರುವ ನಾಯಿಗಳನ್ನು ವೇದಿಕೆಗೆ ಕರೆಯುವ ಆಸೆ ಎಲ್ಲರಿಗೂ ಬರುತ್ತದೆ. ಅವುಗಳ ರೋಗನಿರೋಧಕ ಶಕ್ತಿ ಕುಗ್ಗಿರುತ್ತದೆ, ಚುಚ್ಚುಮದ್ದಿನ ನಂತರದ ಕೆಲವು ದಿನ ಅವುಗಳ ಮೂತ್ರ ಮತ್ತು ಮಲದಲ್ಲಿ ಔಷಧದ ಅಂಶವೂ ಇರುತ್ತದೆ. ಅವುಗಳ ಯಜಮಾನರು ಮಾತ್ರ ಬಂದು ಮಾತನಾಡಲಿ.

ಹೊರದೇಶದಲ್ಲಿರುವ ಕನ್ನಡಿಗರಿಗೆ

ಅಲ್ಲಿನ ಪೌರರಾಗಿರುವವರು ಅಲ್ಲಿನ ಸಂಶೋಧನೆಗೇ ಕೊಡುವುದು ನೇರ ದಾರಿ. ಅಮೆರಿಕದಲ್ಲಾದರೆ ಸಂಸ್ಥೆ 501(ಸಿ)(3) ಎಂಬ, ದತ್ತಿ ಸಂಸ್ಥೆಗಳಿಗೆ ಕೊಡುವ ತೆರಿಗೆ ಮಾನ್ಯತೆ ಪಡೆದಿದೆಯೇ ಎಂಬುದನ್ನು ಅಲ್ಲಿನ ತೆರಿಗೆ ಇಲಾಖೆಯ ಪಟ್ಟಿಯಲ್ಲಿ ನೋಡಿ, ಅದು ಸಲ್ಲಿಸಿರುವ 990 ಎಂಬ ವಾರ್ಷಿಕ ಲೆಕ್ಕದ ವಿವರಣೆಯಲ್ಲಿ ಸಂಶೋಧನೆಗೆ ಎಷ್ಟು, ಸಂಬಳ ಮತ್ತು ಪ್ರಚಾರಕ್ಕೆ ಎಷ್ಟು ಹೋಗಿದೆಯೆಂದು ಓದಿ. ಮಾರಿಸ್ ಅನಿಮಲ್ ಫೌಂಡೇಶನ್, ಅಮೆರಿಕನ್ ಕೆನಲ್ ಕ್ಲಬ್ಬಿನ ಕೆನೈನ್ ಹೆಲ್ತ್ ಫೌಂಡೇಶನ್‌ಗಳು ನಾಯಿಗಳ ಕ್ಯಾನ್ಸರ್ ಸಂಶೋಧನೆಗೆ ಅನುದಾನ ಕೊಡುತ್ತವೆ. ನಿಮ್ಮ ಕಂಪನಿ ನೌಕರರ ದೇಣಿಗೆಗೆ ಸಮನಾದ ಮೊತ್ತವನ್ನು ತಾನೂ ಸೇರಿಸುತ್ತದೆಯೇ ಎಂದು ಕೇಳಿ. ಎಷ್ಟೋ ಜನ ಕೇಳದೆಯೇ ಆ ಹಣವನ್ನು ಬಿಟ್ಟುಬಿಡುತ್ತಾರೆ. ಬ್ರಿಟನ್ನಿನಲ್ಲಿ ತೆರಿಗೆ ಕಟ್ಟುವವರು ಗಿಫ್ಟ್ ಏಡ್ ಘೋಷಣೆಗೆ ಸಹಿ ಹಾಕಿದರೆ ಒಂದು ಪೌಂಡಿಗೆ 25 ಪೆನ್ಸ್ ಸರ್ಕಾರದಿಂದ ಸೇರುತ್ತದೆ. ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ತಿಂಡಿಯ ಮಳಿಗೆ ಹಾಕಿ ಹಣ ಕೂಡಿಸುವುದಾದರೆ, ಕೂಟದ ಖಾತೆಯ ಮೂಲಕ ನೇರವಾಗಿ ಸಂಸ್ಥೆಗೆ ಚೆಕ್ ಹೋಗಲಿ.

ಹಂತ 9: ಲೆಕ್ಕ ಮತ್ತು ವರದಿ

ಖಜಾಂಚಿ ಒಬ್ಬರು, ಚೆಕ್ಕಿಗೆ ಸಹಿ ಇಬ್ಬರದು, ತಿಂಗಳ ಕೊನೆಗೆ ಬ್ಯಾಂಕಿನ ವಿವರಣೆಯನ್ನು ರಸೀದಿಗಳೊಂದಿಗೆ ಹೋಲಿಸಿ ನೋಡುವವರು ಮೂರನೆಯವರು. ಹೆಸರಿಲ್ಲದ ದೇಣಿಗೆ ಮಿತಿ ಮೀರಿದರೆ ಟ್ರಸ್ಟ್ ಅದರ ಮೇಲೆ ಶೇಕಡಾ 30ರಷ್ಟು ತೆರಿಗೆ ಕಟ್ಟಬೇಕಾಗುತ್ತದೆ. ಆದ್ದರಿಂದ ಡಬ್ಬಿ ಹಿಡಿದು ಸಂಗ್ರಹಿಸುವುದನ್ನು ಆದಷ್ಟು ಕಡಿಮೆ ಮಾಡಿ, ಸಂಗ್ರಹಿಸಿದರೂ ಅದೇ ದಿನ ಇಬ್ಬರೆದುರು ಎಣಿಸಿ ಬ್ಯಾಂಕಿಗೆ ಕಟ್ಟಿ.

ದಾನಿಗಳಿಗೆ ಮೂರು ತಿಂಗಳಿಗೊಮ್ಮೆ ಅರ್ಧ ಪುಟದ ವರದಿ ಸಾಕು: ಎಷ್ಟು ನಾಯಿಗಳು ಅಧ್ಯಯನಕ್ಕೆ ಸೇರಿದವು, ಎಷ್ಟು ಮರುತಪಾಸಣೆಗೆ ಬಂದವು, ಎಷ್ಟು ಹಣ ಹೋಯಿತು, ಏನು ತಡವಾಯಿತು. ಹೇಳಲು ಏನೂ ಇಲ್ಲದ ತ್ರೈಮಾಸಿಕದಲ್ಲೂ ಏನೂ ಇಲ್ಲವೆಂದೇ ಬರೆದು ಕಳುಹಿಸಿ. ವಿಶ್ವವಿದ್ಯಾಲಯದಿಂದ ವರ್ಷಕ್ಕೊಮ್ಮೆ ಹಣ ಬಳಕೆಯ ಪ್ರಮಾಣಪತ್ರವನ್ನು ಪಡೆಯಿರಿ. ಅದು ಕೈಗೆ ಬಾರದೆ ಮುಂದಿನ ಕಂತನ್ನು ಬಿಡುಗಡೆ ಮಾಡಬೇಡಿ, ಯಾರೇ ಫೋನ್ ಮಾಡಿ ಒತ್ತಾಯಿಸಿದರೂ ಒಡಂಬಡಿಕೆಯ ಆ ಸಾಲನ್ನು ತೋರಿಸಿ.

ಅಧ್ಯಯನ ಮುಗಿದಾಗ ಪ್ಯಾರಫಿನ್ ಮೇಣದಲ್ಲಿ ಹುದುಗಿಸಿಟ್ಟ ಗಡ್ಡೆಯ ತುಣುಕುಗಳು ಉಳಿದಿರುತ್ತವೆ. ಸರಿಯಾಗಿ ಇಟ್ಟರೆ ಹತ್ತಾರು ವರ್ಷ ಕೆಡದ ಅವನ್ನು ಮುಂದಿನ ಸಂಶೋಧಕರು ಮತ್ತೆ ಬಳಸಬಹುದು. ಅವು ಯಾವ ಕಪಾಟಿನಲ್ಲಿವೆ, ಅವುಗಳ ಸಂಖ್ಯೆಗೂ ನಾಯಿಯ ದಾಖಲೆಗೂ ತಾಳೆಯಾಗುವ ಪುಸ್ತಕ ಯಾರ ವಶದಲ್ಲಿದೆ ಎಂಬುದನ್ನು ಕೊನೆಯ ವರದಿಯಲ್ಲಿ ಬರೆಸಿ, ವಿಭಾಗದ ಮುಖ್ಯಸ್ಥರ ಸಹಿ ಹಾಕಿಸಿಕೊಂಡ ಮೇಲೆ ಲೆಕ್ಕವನ್ನು ಮುಚ್ಚಿ.